ಕೃತಕ ಕೀಲೂ ಗುಣದ ಲೆಕ್ಕವೂ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು ದೊಡ್ಡ ಚಿಕಿತ್ಸೆಗೆಂದು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುವುದು ವಾಡಿಕೆ. ಮಂಡಿಗೆ ಕೂಡಿಸಿದ ಕೃತಕ ಕೀಲಿನಲ್ಲಿ ಸೋಂಕು ತಲೆದೋರಿತೆಂದರೆ ಆ ದಾರಿಯನ್ನು ಮತ್ತೆಷ್ಟು ಸಲ ತುಳಿಯಬೇಕೋ!

ನೂರರಲ್ಲಿ ಒಬ್ಬಿಬ್ಬರಿಗೆ ಒದಗುವ ಈ ವಿಪತ್ತು ಬಲು ಹಟಮಾರಿ. ರೋಗಾಣುಗಳು ಲೋಹದ ಮೇಲೆ ಲೋಳೆಯ ಪೊರೆ ಹೊದ್ದು ಕುಳಿತುಬಿಡುತ್ತವೆ. ಔಷಧವೊಂದೇ ಅವನ್ನು ಅಲುಗಿಸದು. ಬೇಗನೆ ತಿಳಿದರೆ ಕೀಲನ್ನು ಉಳಿಸಿಕೊಂಡೇ ತೊಳೆದು, ನಡುವಣ ಪ್ಲಾಸ್ಟಿಕ್ ತುಂಡನ್ನು ಬದಲಿಸುವುದುಂಟು. ತಡವಾದರೆ ಕೀಲನ್ನೇ ಕಳಚಿ, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತುಂಡನ್ನಿಟ್ಟು, ವಾರಗಟ್ಟಲೆ ಔಷಧವಿತ್ತು, ಬಳಿಕ ಹೊಸದನ್ನು ಜೋಡಿಸುವುದು ರೂಢಿ. ಮಂಡಿ ಒಸರತೊಡಗಿದೊಡನೆ ಅಂಗಡಿಯ ಗುಳಿಗೆ ನುಂಗುವವರಿದ್ದಾರೆ. ಅದರಿಂದ ರೋಗಾಣು ಪರೀಕ್ಷೆಯ ಕಣ್ಣಿಗೂ ಬೀಳದೆ ಮರೆಯಾದೀತು.

ಸರಿ, ಗುಣವಾಯಿತೆನ್ನುವುದು ಯಾವಾಗ? 2013ರಲ್ಲಿ ಪರಿಣತರು ಒಮ್ಮತದಿಂದ ಒಂದು ಅಳತೆಗೋಲನ್ನು ಹಾಕಿಕೊಟ್ಟರು: ಗಾಯ ಮಾಯಬೇಕು, ಸೋಂಕಿಗಾಗಿ ಮತ್ತೆ ಶಸ್ತ್ರಕ್ರಿಯೆ ಬೇಕಾಗಬಾರದು, ಸೋಂಕಿನಿಂದ ಸಾವೊದಗಬಾರದು, ಎರಡು ವರ್ಷವಾದರೂ ಕಾದು ನೋಡಬೇಕು. 2019ರ ಪರಿಷ್ಕರಣದಲ್ಲಿ, ಔಷಧ ಸೇವಿಸುತ್ತಲೇ ಸೋಂಕನ್ನು ಅದುಮಿಟ್ಟುಕೊಂಡವರನ್ನು ಬೇರೆ ಪಂಕ್ತಿಯಲ್ಲಿರಿಸಿದರು. ಹೊಸ ಕೀಲು ಕಾಣದೆ ಸಿಮೆಂಟಿನ ತುಂಡಿನಲ್ಲೇ ಉಳಿದವರನ್ನೂ ಮೃತರನ್ನೂ ಲೆಕ್ಕಕ್ಕೆ ತಂದರು. ನ್ಯಾಯವಾದ ಮಾತು.

ಆದರೆ ಮರಳಿ ಬಾರದವರು? ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಮಗನ ದಿನಗೂಲಿ ಕಳೆಯುವುದೆಂದು ಮುದುಕಿಯೊಬ್ಬಳು ಮೂರನೆಯ ಭೇಟಿಗೇ ನಿಂತರೆ, ಆಕೆಯನ್ನು ಗುಣವಾದವರ ಸಾಲಿಗೆ ಸೇರಿಸುವ ಲೆಕ್ಕ ನನಗೆ ಸಮ್ಮತವಲ್ಲ. ದೂರವಾಣಿಯಲ್ಲಾದರೂ ಯಾರಾದರೂ ವಿಚಾರಿಸಬೇಕು: ಗಾಯ ಒಸರುತ್ತಿದೆಯೇ, ಅಮ್ಮಾ? ಅಂಗಳಕ್ಕಿಳಿಯಬಲ್ಲಿರಾ?