ಪ್ಯಾದೆಯ ದಾರಿ, ಪ್ಯಾದೆಯ ಬಲ

ಹೊಡೆದ ಕಾಯಿಗೆ ಸತ್ತ ಕಾಯಿಯ ನಡೆಯೂ ದಕ್ಕುವ ಚದುರಂಗವೊಂದಿದೆ: ಆನೆ ಕುದುರೆಯನ್ನು ಹೊಡೆದರೆ ಅಲ್ಲಿಂದ ಮುಂದೆ ನೇರವಾಗಿಯೂ ಓಡುತ್ತದೆ, ಕುದುರೆಯಂತೆ ಜಿಗಿಯಲೂಬಲ್ಲದು. ಹೊಸತೆನಿಸುವ ಈ ಆಟಕ್ಕೆ ನಮ್ಮ ಹಳೆಯ ಬುದ್ಧಿಬಲದಲ್ಲೇ ಹತ್ತಿರದ ನಂಟಿದೆ. ದೇಸಿ ಕಟ್ಟಳೆಯಲ್ಲಿ ಕೊನೆಯ ಮನೆ ಮುಟ್ಟಿದ ಪ್ಯಾದೆ ಇಂದಿನಂತೆ ಬೇಕಾದ ಕಾಯಿ ಆಗುತ್ತಿರಲಿಲ್ಲ; ಆನೆಯ ಸಾಲಿನಲ್ಲಿ ಹೋದದ್ದು ಆನೆ, ಕುದುರೆಯ ಸಾಲಿನಲ್ಲಿ ಹೋದದ್ದು ಕುದುರೆ. ಪ್ಯಾದೆ ಸಾಲು ಬದಲಿಸುವುದೋ ಓರೆಯಾಗಿ ಹೊಡೆದಾಗ ಮಾತ್ರ. ಹೀಗಾಗಿ ನಡುದಾರಿಯಲ್ಲಿ ಯಾವ ಕಡೆಗೆ ಹೊಡೆಯಿತು ಎಂಬುದೇ ಅದಕ್ಕೆ ಮುಂದೆ ಸಿಗುವ ಬಲವನ್ನು ಗೊತ್ತುಮಾಡುತ್ತಿತ್ತು. ಎಷ್ಟು ಆಳವಾದ ಲೆಕ್ಕಾಚಾರ! ರಾಜನಿಗೂ ಶಹ ಬೀಳುವ ಮುನ್ನ ಒಂದು ಸಲ ಕುದುರೆ ಜಿಗಿತವಿತ್ತು. 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದು ದೇಸಿ ಆಟವನ್ನೇ. ಚದುರಂಗದ ನಂಟು ನಮ್ಮೂರು ತೇರದಾಳಕ್ಕೂ ದೂರದ್ದಲ್ಲ: ಊರು ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು; ಅದೇ ಸಾಂಗಲಿಯಲ್ಲಿ 1941ರಲ್ಲಿ ಭಾವೂಸಾಹೇಬ ಪಡಸಲಗೀಕರರು ನೂತನ ಬುದ್ಧಿಬಳ ಮಂಡಳ ಎಂಬ ಚದುರಂಗ ಸಂಘವನ್ನು ಕಟ್ಟಿದರು. ಇಂಥ ನೆರೆ ಇದ್ದ ಊರಿನಲ್ಲಿ ಹಳೆಯ ಕಟ್ಟಳೆ ಮರೆತುಹೋಗಬಾರದು. ತೇರದಾಳದ ಹಿರಿಯರೇ, ನೆನಪಿದ್ದರೆ ಮೊಮ್ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ದೇಸಿ ಪದ್ಧತಿಯಲ್ಲಿ ಒಂದಾಟ ಆಡಿ ತೋರಿಸಿ.