ನಿಧಾನಗತಿಯ ಅಂತರ್ಜಾಲ ಮತ್ತು ಲಿನಕ್ಸ್: ಒಮ್ಮೆ ತಂದು ಹಂಚಿಕೊಳ್ಳೋಣ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸೌಲಭ್ಯವಾಗಲಿ, ಹೊಸ ಪೀಳಿಗೆಯ ಪ್ರೊಸೆಸರ್ ಆಗಲಿ ಇಲ್ಲದ ಗಣಕಯಂತ್ರಗಳು ನಮ್ಮ ಅಂಗಡಿ, ಮಂಡಿ ಹಾಗೂ ಸಣ್ಣ ಕೈಗಾರಿಕೆಗಳಲ್ಲಿ ಇನ್ನೂ ದುಡಿಯುತ್ತಿವೆ. ಹಣ ತೆತ್ತು ಭದ್ರತಾ ಪರಿಷ್ಕರಣೆಗಳನ್ನು ಪಡೆಯುವ ಅವಕಾಶ ವ್ಯವಹಾರ ಸಂಸ್ಥೆಗಳಿಗೆ ಇದೆಯಾದರೂ ಅದು ಹೆಚ್ಚೆಂದರೆ ಮೂರು ವರ್ಷಗಳ ಮಾತು; ಶುಲ್ಕವೂ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಸುಸ್ಥಿತಿಯಲ್ಲಿರುವ ಯಂತ್ರವನ್ನು ಗುಜರಿಗೆ ಹಾಕುವುದೂ, ರಕ್ಷಣೆಯಿಲ್ಲದೆ ಬಳಸುವುದೂ ಜಾಣತನವಲ್ಲ. ಉಳಿದಿರುವ ಮೂರನೆಯ ದಾರಿಯೇ ಲಿನಕ್ಸ್.

ಈ ಸಲಹೆಗೆ ಜಿಲ್ಲೆಯ ಒಳಭಾಗದ ವರ್ತಕರಿಂದ ಸಾಮಾನ್ಯವಾಗಿ ಬರುವ ಆಕ್ಷೇಪಣೆಯೊಂದಿದೆ: "ನಮ್ಮಲ್ಲಿ ನೆಟ್ ಬಹಳ ನಿಧಾನ." ಈ ಆಕ್ಷೇಪಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಜನಪ್ರಿಯವಾದ ಲಿನಕ್ಸ್ ಮಿಂಟ್ ಆವೃತ್ತಿಯ ಕಡತವು ಸುಮಾರು 3 ಜಿಬಿ ಗಾತ್ರದ್ದು. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2023ರಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇಗ 2 ಎಂಬಿಪಿಎಸ್. ಆ ವೇಗ ಸತತವಾಗಿ ದೊರೆತರೆ 3 ಗಂಟೆ 20 ನಿಮಿಷಗಳು ಸಾಕು; ವೇಗ 512 ಕೆಬಿಪಿಎಸ್‌ಗೆ ಇಳಿದರೆ ಸುಮಾರು 13 ಗಂಟೆಗಳು ಬೇಕು. ಇದು ಒಂದು ರಾತ್ರಿಯ ಕೆಲಸವೇ ಹೊರತು ಅಸಾಧ್ಯವಾದುದಲ್ಲ.

ಆದರೆ ಕ್ರಮ ತಿಳಿದಿರಬೇಕು. ಮೊದಲನೆಯದಾಗಿ, ಚಿಕ್ಕ ಕಡತವೇ ಲಾಭದಾಯಕವೆಂಬ ಭ್ರಮೆ ಬೇಡ. ಡೆಬಿಯನ್‌ನ 'ನೆಟ್‌ಇನ್‌ಸ್ಟ್' ಕಡತವು 1 ಜಿಬಿಗಿಂತ ಕಡಿಮೆಯಿದ್ದರೂ ಉಳಿದ ಬಹುತೇಕ ಸಾಮಗ್ರಿಯನ್ನು ಅಳವಡಿಕೆಯ ಸಮಯದಲ್ಲಿಯೇ ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಸಂಪರ್ಕ ನಡುವೆ ಕಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಿಧಾನಗತಿಯ ಸಂಪರ್ಕವುಳ್ಳವರಿಗೆ ಎಲ್ಲವನ್ನೂ ಒಳಗೊಂಡ ದೊಡ್ಡ ಕಡತವೇ ಕ್ಷೇಮ. ಎರಡನೆಯದಾಗಿ, ನಿಂತಲ್ಲಿಂದಲೇ ಮುಂದುವರಿಯುವ ಟೊರೆಂಟ್ ವಿಧಾನದಲ್ಲಿ ಇಳಿಸಿಕೊಂಡರೆ ವಿದ್ಯುತ್ ಹೋದರೂ ಶ್ರಮ ವ್ಯರ್ಥವಾಗುವುದಿಲ್ಲ. ಮೂರನೆಯದಾಗಿ, ಅಧಿಕೃತ ಜಾಲತಾಣದಲ್ಲಿ ಪ್ರಕಟವಾಗಿರುವ ಎಸ್‌ಎಚ್‌ಎ-256 ಸಂಖ್ಯೆಯೊಂದಿಗೆ ಕಡತದ ಸಂಖ್ಯೆಯನ್ನು ತಾಳೆ ನೋಡಬೇಕು. ಬ್ಯಾಂಕ್ ಪಾಸ್‌ಬುಕ್ಕನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡುವ ವರ್ತಕರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತು ಸದಸ್ಯರು ಅದೇ 3 ಜಿಬಿಯನ್ನು ಹತ್ತು ಬಾರಿ ಇಳಿಸಿಕೊಳ್ಳುವುದು ಒಂದೇ ಸರಕಿಗೆ ಹತ್ತು ಲಾರಿ ಬಾಡಿಗೆ ಕೊಟ್ಟಂತೆ. ಲಿನಕ್ಸ್ ಕರ್ನಲ್‌ನ ಪರವಾನಗಿಯಾದ ಜಿಪಿಎಲ್ ಪ್ರತಿ ಮಾಡಿ ಹಂಚುವುದಕ್ಕೆ ಸ್ಪಷ್ಟ ಅನುಮತಿ ನೀಡುತ್ತದೆ. ಪರವಾನಗಿಯಿಲ್ಲದ ತಂತ್ರಾಂಶವನ್ನು ತಿಳಿದೂ ತಿಳಿದೂ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮು ಕಾರಾಗೃಹವಾಸ ಹಾಗೂ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸುತ್ತದೆ. ಅಲ್ಲಿ ಅಪರಾಧವಾಗುವ ಪೆನ್‌ಡ್ರೈವ್ ವಿನಿಮಯ ಇಲ್ಲಿ ನ್ಯಾಯಸಮ್ಮತ. ಉಬುಂಟು ಸಂಸ್ಥೆಯವರು 2005ರಿಂದ 2011ರವರೆಗೆ ಕೇಳಿದವರಿಗೆ ಉಚಿತವಾಗಿ ಸಿಡಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಆ ಸೇವೆ ನಿಂತಿದೆ. ಅದರ ಅಗತ್ಯ ನಮ್ಮ ಹಳ್ಳಿಗಳಲ್ಲಿ ನಿಂತಿಲ್ಲ.

ಅಳವಡಿಕೆಯ ನಂತರದ ಪರಿಷ್ಕರಣೆಗಳಿಗೂ ಇದೇ ನೀತಿ ಅನ್ವಯಿಸುತ್ತದೆ. ಕಚೇರಿಯಲ್ಲಿ ನಾಲ್ಕಾರು ಯಂತ್ರಗಳಿದ್ದರೆ 'ಆಪ್ಟ್-ಕ್ಯಾಷರ್-ಎನ್‌ಜಿ' ಎಂಬ ಉಚಿತ ತಂತ್ರಾಂಶವನ್ನು ಒಂದರಲ್ಲಿ ಅಳವಡಿಸಬಹುದು. ಒಮ್ಮೆ ಬಂದ ಪರಿಷ್ಕರಣೆ ಅಲ್ಲಿಯೇ ದಾಸ್ತಾನಾಗಿ, ಉಳಿದ ಯಂತ್ರಗಳಿಗೆ ಕಚೇರಿಯ ಒಳಜಾಲದಿಂದಲೇ ದೊರೆಯುತ್ತದೆ.

ಲಿನಕ್ಸ್ ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ಟ್ಯಾಲಿ ವಿಂಡೋಸ್‌ಗಾಗಿ ರೂಪುಗೊಂಡ ತಂತ್ರಾಂಶವಾದ್ದರಿಂದ ಲೆಕ್ಕಪತ್ರದ ಮುಖ್ಯ ಯಂತ್ರವನ್ನು ಬದಲಿಸಲು ಆತುರ ಬೇಡ. ಜಿಎಸ್‌ಟಿಯಡಿ ಕಂಪನಿಗಳು ಮತ್ತು ಎಲ್‌ಎಲ್‌ಪಿಗಳು ಡಿಜಿಟಲ್ ಸಹಿಯನ್ನೇ ಬಳಸಬೇಕಾಗಿದ್ದು, ಅದರ ಟೋಕನ್ ಹಾಗೂ ನಿಮ್ಮ ಮುದ್ರಣಯಂತ್ರ ಲಿನಕ್ಸ್‌ನಲ್ಲಿ ನಡೆಯುವುವೇ ಎಂದು ಮೊದಲೇ ಪರೀಕ್ಷಿಸಬೇಕು. ಪತ್ರವ್ಯವಹಾರ, ಲಿಬ್ರೆಆಫೀಸ್‌ನ ಕೋಷ್ಟಕಗಳು, ಇ-ಅಂಚೆ, ಜಾಲತಾಣ ವೀಕ್ಷಣೆ ಇಷ್ಟಕ್ಕೇ ಬಳಕೆಯಾಗುವ ಎರಡನೆಯ ಯಂತ್ರದಿಂದ ಆರಂಭಿಸುವುದು ಯುಕ್ತ. ಪೆನ್‌ಡ್ರೈವ್‌ನಿಂದಲೇ ಚಾಲನೆ ಮಾಡಿ, ಹಾರ್ಡ್‌ಡಿಸ್ಕನ್ನು ಮುಟ್ಟದೆ ಪರೀಕ್ಷಿಸುವ ಸೌಲಭ್ಯವೂ ಇದೆ. ಅಳವಡಿಸುವ ಮುನ್ನ ದತ್ತಾಂಶದ ಪ್ರತಿ ತೆಗೆದಿಡುವುದು ಕಡ್ಡಾಯ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ದಾಖಲೆಗಳನ್ನು ಕಾಪಾಡುವ ಹೊಣೆ ನಮ್ಮದು. ಯಂತ್ರ ಕೆಟ್ಟಿತೆಂಬುದು ಅಧಿಕಾರಿಗಳ ಮುಂದೆ ಸಮಜಾಯಿಷಿಯಾಗಲಾರದು.

ಆದ್ದರಿಂದ ನಮ್ಮ ವಾಣಿಜ್ಯ ಸಂಸ್ಥೆಯ ಕಾರ್ಯಕಾರಿ ಸಮಿತಿಗೆ ನನ್ನ ಸಲಹೆ ಇಷ್ಟೆ. ಉತ್ತಮ ಸಂಪರ್ಕವಿರುವ ಸಂಸ್ಥೆಯ ಕಚೇರಿಯಲ್ಲಿ ಒಂದೆರಡು ಲಿನಕ್ಸ್ ಆವೃತ್ತಿಗಳನ್ನು ಇಳಿಸಿ, ತಾಳೆ ನೋಡಿ, ಪೆನ್‌ಡ್ರೈವ್‌ಗಳಲ್ಲಿ ಸಿದ್ಧವಾಗಿಡಲಿ. ಗ್ರಂಥಾಲಯದ ಪುಸ್ತಕದಂತೆ ಸದಸ್ಯರಿಗೆ ಎರವಲು ಕೊಡಲಿ. ಹೊಸ ಆವೃತ್ತಿ ಬಂದಾಗ ಬದಲಿಸಲಿ. ಅಳವಡಿಕೆ ಬಲ್ಲ ಸ್ಥಳೀಯ ಯುವಕರಿಂದ ತಿಂಗಳಿಗೊಂದು ದಿನ ಮಾರ್ಗದರ್ಶನ ಕೊಡಿಸಲಿ. ವೆಚ್ಚ ಕೆಲವು ಪೆನ್‌ಡ್ರೈವ್‌ಗಳದು ಮಾತ್ರ. ಸಗಟಿನಲ್ಲಿ ಕೊಂಡು ಚಿಲ್ಲರೆಯಲ್ಲಿ ಹಂಚುವುದು ವರ್ತಕ ಸಮುದಾಯಕ್ಕೆ ಹೊಸ ವಿದ್ಯೆಯೇನಲ್ಲ. ಅದನ್ನು ತಂತ್ರಾಂಶಕ್ಕೂ ಅನ್ವಯಿಸಿದರೆ ಹಳ್ಳಿಯ ಕೊನೆಯ ಅಂಗಡಿಯವರೆಗೂ ಪ್ರಯೋಜನ ತಲುಪೀತು.