ಹೆಬ್ಬೆರಳಿನ ಅಭ್ಯಾಸವೂ ನಮ್ಮ ಹೆಣ್ಣುಮಕ್ಕಳೂ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಅವೆರಡೂ ವಾರ್ಷಿಕ ವರದಿಯಲ್ಲಿ ವಿವರವಾಗಿ ಬಂದಿರುವುದರಿಂದ ಈ ಸಲ ನಾನು ಒಂದು ವಾದ್ಯದ ವಿಷಯವನ್ನು ನಿಮ್ಮ ಮುಂದೆ ಇಡಲು ಅಪೇಕ್ಷಿಸುತ್ತೇನೆ. ಈ ವಾದ್ಯದ ದೆಸೆಯಿಂದ ಸೋಂಪುರದ ನಮ್ಮ ಶಾಲೆಯಲ್ಲಿ ಸ್ವಲ್ಪ ಗದ್ದಲವೆದ್ದದ್ದು ನಿಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಆ ಗದ್ದಲದಲ್ಲಿ ನಾನು ಮಾಡಿದ ಒಂದು ತಪ್ಪೂ ಸೇರಿರುವುದು ಮಾತ್ರ ಎಲ್ಲರಿಗೂ ತಿಳಿದಂತಿಲ್ಲ.

ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಬೇಸ್ ಗಿಟಾರನ್ನು ನಮ್ಮ ಗಾಯನ ತಂಡಕ್ಕೆ ದಾನವಾಗಿ ಕೊಟ್ಟರು. ಸಾಧಾರಣವಾಗಿ ಇದಕ್ಕಿರುವವು ನಾಲ್ಕೇ ತಂತಿಗಳು. ಆರು ತಂತಿಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತಲೂ ಇವು ಒಂದು ಸ್ಥಾಯಿ ಕೆಳಗೆ ನುಡಿಯುವುವು. ಹಾಡು ನಡೆಯುತ್ತಿರುವಾಗ ಇದರ ಧ್ವನಿಯನ್ನು ಯಾರೂ ಗಮನಿಸುವುದಿಲ್ಲ. ಅದು ನಿಂತುಹೋದರೆ ಮಾತ್ರ ಕಾಲ ಕೆಳಗಿನ ನೆಲವನ್ನು ಯಾರೋ ಸರಿಸಿದಂತಾಗಿ ಎಲ್ಲರೂ ತಲೆಯೆತ್ತಿ ನೋಡುವರು. ಹಾಸ್ಟೆಲಿನಲ್ಲಿರುವ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಇದನ್ನು ತಾನಾಗಿ ಕೇಳಿ ತೆಗೆದುಕೊಂಡಳು. ಮೊದಲು ಬೆರಳಿನಿಂದ ಮೆಲ್ಲಗೆ ಮೀಟುತ್ತಿದ್ದವಳು ಕೆಲವು ತಿಂಗಳಾದ ಮೇಲೆ ಸ್ಲ್ಯಾಪ್ ಎಂಬ ಕ್ರಮವನ್ನು ಸಾಧಿಸತೊಡಗಿದಳು. ಗದ್ದಲಕ್ಕೆ ಕಾರಣವಾದದ್ದು ಇದೇ.

ಈ ಕ್ರಮವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಇದರಲ್ಲಿ ಹೆಬ್ಬೆರಳಿನ ಗೆಣ್ಣಿನ ಪಕ್ಕದ ಎಲುಬಿನಿಂದ ತಂತಿಯನ್ನು ಹೊಡೆಯುವರು. ತಂತಿಯು ಕೆಳಗಿನ ಲೋಹದ ಮೆಟ್ಟಿಲಿಗೆ ತಾಗಿ ಟಣ್ಣೆಂದು ಗಟ್ಟಿಯಾಗಿ ನುಡಿಯುವುದು. ಹೊಡೆದ ಬೆರಳು ಕಾದ ಹೆಂಚನ್ನು ಮುಟ್ಟಿದಂತೆ ಆ ಕ್ಷಣವೇ ಹಿಂದಕ್ಕೆ ಚಿಮ್ಮಬೇಕು. ಒಂದು ನಿಮಿಷಾರ್ಧ ತಂತಿಯ ಮೇಲೆ ನಿಂತರೂ ಧ್ವನಿಯು ಸತ್ತುಹೋಗುವುದು. ಬಳಿಕ ತೋರುಬೆರಳನ್ನು ಮೇಲಿನ ಸ್ಥಾಯಿಯ ತಂತಿಯ ಅಡಿಗೆ ಕೊಕ್ಕೆಯಂತೆ ಹಾಕಿ ಸೆಳೆದು ಬಿಟ್ಟರೆ ಚಟ್ಟೆಂಬ ಇನ್ನೊಂದು ಸದ್ದು ಬರುವುದು. ಇವೆರಡರ ನಡುವೆ ಎಡಗೈಯು ತಂತಿಗಳನ್ನು ಮೆತ್ತಗೆ ಒತ್ತಿ, ಸ್ವರವಿಲ್ಲದ ಬರಿಯ ಪೆಟ್ಟುಗಳನ್ನು ತುಂಬುವುದು. ಹೀಗೆ ಒಂದೇ ವಾದ್ಯವು ಸ್ವರವನ್ನೂ ತಾಳವನ್ನೂ ಕೂಡಿಯೇ ಕೊಡುವುದು. ನೋಡುವುದಕ್ಕೆ ಸುಲಭವಾಗಿ ಕಾಣುವುದರಿಂದ, ಒಂದು ಶನಿವಾರ ಯಾರೂ ಇಲ್ಲದಾಗ ನಾನೇ ಪ್ರಯತ್ನಿಸಿ ನೋಡಿದೆನು. ಬಂದ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತಿತ್ತು.

ಈ ಕ್ರಮವು ಹುಟ್ಟಿದ ಬಗೆಯು ತಾಯಂದಿರಿಗೆ ರುಚಿಸೀತೆಂದು ಬರೆಯುತ್ತೇನೆ. ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ಬೇಸ್ ವಾದ್ಯದ ತಂತಿಗಳನ್ನು ಸೆಳೆದು ಬಡಿಯುವುದು ಅಮೆರಿಕೆಯ ನ್ಯೂ ಆರ್ಲಿಯನ್ಸ್ ಪಟ್ಟಣದ ವಾದಕರಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ರೂಢಿಯಲ್ಲಿತ್ತು. ಗಿಟಾರಿನಲ್ಲಿ ಇದನ್ನು ಪ್ರಸಿದ್ಧಿಗೆ ತಂದವರು 1946ರಲ್ಲಿ ಹುಟ್ಟಿದ ಲ್ಯಾರಿ ಗ್ರಹಾಂ ಎಂಬುವರು. ಅವರೇ ಹೇಳಿರುವ ಪ್ರಕಾರ, ಹರೆಯದಲ್ಲಿ ತಮ್ಮ ತಾಯಿಯ ಸಂಗಡ ಕ್ಯಾಲಿಫೋರ್ನಿಯಾದಲ್ಲಿ ಹಾಡಿ ನುಡಿಸಿ ಜೀವನ ಮಾಡುತ್ತಿದ್ದರು. ತಾಯಿಯದು ಪಿಯಾನೊ ಮತ್ತು ಗಾಯನ. ಆರ್ಗನ್ನು ಕೆಟ್ಟುಹೋದುದರಿಂದ ಮಗನು ಬಾಡಿಗೆಗೆ ಬೇಸ್ ಗಿಟಾರನ್ನು ತಂದನು. ಆಮೇಲೆ ಡ್ರಮ್ಮಿನವನೂ ಇಲ್ಲದಾಯಿತು. ಆಗ ಡ್ರಮ್ಮಿನ ದೊಡ್ಡ ಪೆಟ್ಟಿಗೆ ಬದಲಾಗಿ ಹೆಬ್ಬೆರಳಿನಿಂದ ಹೊಡೆದು, ಸಣ್ಣ ಪೆಟ್ಟಿಗೆ ಬದಲಾಗಿ ತೋರುಬೆರಳಿನಿಂದ ಸೆಳೆದು, ತಾಯಿಯ ಹಾಡು ತಾಳ ತಪ್ಪದಂತೆ ನೋಡಿಕೊಂಡನು. ಮುಂದೆ ಅವರು ಸೇರಿದ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಎಂಬ ತಂಡದ ಮುದ್ರಿಕೆಗಳಿಂದ 1969ರ ಸುಮಾರಿಗೆ ಲೋಕವೆಲ್ಲ ಈ ಸದ್ದನ್ನು ಕೇಳಿತು. ಆ ತಂಡದಲ್ಲಿ ತುತ್ತೂರಿಯನ್ನು ಊದುತ್ತಿದ್ದವರು ಒಬ್ಬ ಸ್ತ್ರೀ, ಸಿಂಥಿಯಾ ರಾಬಿನ್‌ಸನ್.

ಇನ್ನು ನಮ್ಮಲ್ಲಿ ನಡೆದ ಸಂಗತಿ. ಹುಡುಗಿಯ ತಂದೆಯವರು ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವವರು. ಪೋಷಕರ ಸಭೆಯ ದಿವಸ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದವರು ಮಗಳು ತಂತಿಯನ್ನು ಬಡಿಯುತ್ತಿರುವುದನ್ನು ಕಂಡರು. “ಮೇಡಂ, ಮಗಳನ್ನು ನಾವು ಓದಲಿಕ್ಕೆ ಕಳುಹಿಸಿದೆವೋ, ಆರ್ಕೆಸ್ಟ್ರಾಕ್ಕೆ ಕಳುಹಿಸಿದೆವೋ?” ಎಂದು ಎಲ್ಲರ ಎದುರಿನಲ್ಲಿ ಕೇಳಿದರು. ಆರ್ಕೆಸ್ಟ್ರಾ ಎಂಬ ಮಾತಿಗೆ ನಮ್ಮ ಕಡೆ ಏನರ್ಥವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹೆಣ್ಣುಮಗಳೊಬ್ಬಳಿಗೆ ಆ ಹೆಸರು ಅಂಟಿದರೆ ಬೀದಿಯ ಬಾಯಿ ಸುಮ್ಮನಿರುವುದಿಲ್ಲ. ಇನ್ನೂ ಮೂವರು ತಾಯಿತಂದೆಗಳು ತಲೆದೂಗಿದರು. ನಾನು ಮರುಮಾತಾಡದೆ ವಾದ್ಯವನ್ನು ನನ್ನ ಕೊಠಡಿಯ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆನು. ದೀಪಾವಳಿಯಿಂದ ವಾರ್ಷಿಕ ಪರೀಕ್ಷೆಯ ತನಕ ಅದು ಅಲ್ಲಿಯೇ ಇತ್ತು. ಹುಡುಗಿಯನ್ನು ಕರೆದು ಒಂದು ಮಾತನ್ನೂ ನಾನು ಕೇಳಲಿಲ್ಲ.

ಫೆಬ್ರುವರಿ ತಿಂಗಳಲ್ಲಿ ಹಾಸ್ಟೆಲಿನ ವಾರ್ಡನ್ನರು ರಾತ್ರಿ ದೀಪವಾರಿದ ಮೇಲೆ ಯಾರೋ ಬಾಗಿಲು ತಟ್ಟಿದ ಸದ್ದಾಗುತ್ತದೆಂದು ತಿಳಿಸಿದರು. ಹೋಗಿ ನೋಡಲಾಗಿ, ಆ ಹುಡುಗಿಯು ತನ್ನ ಟ್ರಂಕಿನ ಅಂಚಿಗೆ ಹೆಬ್ಬೆರಳಿನಿಂದ ಬಡಿಯುತ್ತ, ಬಾಯಲ್ಲಿ ತಕಧಿಮಿ ತಕಧಿಮಿ ಎಂದು ಉಸುರುತ್ತಿದ್ದಳು. ತ ಎಂಬಲ್ಲಿ ಹೆಬ್ಬೆರಳು, ಕ ಎಂಬಲ್ಲಿ ಎಡಗೈಯ ಮುಚ್ಚುಪೆಟ್ಟು, ಧಿ ಎಂಬಲ್ಲಿ ಮತ್ತೆ ಹೆಬ್ಬೆರಳು, ಮಿ ಎಂಬಲ್ಲಿ ತೋರುಬೆರಳಿನ ಸೆಳೆತ. ಅಲ್ಲಿ ಸೆಳೆಯಲು ತಂತಿಯೇ ಇರಲಿಲ್ಲ. ನಾನು ಕೇಳಿದ್ದಕ್ಕೆ, “ಸದ್ದು ಬರೋದಿಲ್ಲ ಮೇಡಂ, ಆದರೆ ಕೈ ಮರೆತುಹೋಗಬಾರದಲ್ಲ” ಎಂದಳು. ಆ ವರ್ಷ ಅವಳ ಅಂಕಗಳು ಏರಲೂ ಇಲ್ಲ, ಇಳಿಯಲೂ ಇಲ್ಲ. ಬೀರುವಿಗೆ ಬೀಗ ಹಾಕಿದ್ದರಿಂದ ಗಣಿತಕ್ಕೆ ಏನೂ ಲಾಭವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಪಾಠ ಹೇಳಿದ ನಾನು, ಯಾರೂ ಹೇಳದೆ ಪ್ರತಿದಿನವೂ ಒಂದೇ ಪಾಠವನ್ನು ತಿದ್ದುವ ಮಗುವನ್ನು ಎಷ್ಟು ಸಲ ಕಂಡಿದ್ದೇನೆ? ಅಂಥವಳನ್ನು ಕಂಡಾಗ ಬೀಗ ಹಾಕುವುದನ್ನು ನನಗೆ ಯಾವ ತರಬೇತಿ ಶಾಲೆಯೂ ಕಲಿಸಿರಲಿಲ್ಲ.

ಇದು ನಮ್ಮದಲ್ಲ, ಹೊರಗಿನದು ಎಂಬ ಆಕ್ಷೇಪವನ್ನು ಕೆಲವರು ತಂದರು. ನಮ್ಮ ಆರಾಧನೆಯ ಹಾರ್ಮೋನಿಯಮ್ಮು ಎಲ್ಲಿಂದ ಬಂತು? ಅದೂ ಪರದೇಶದ್ದೆಂದು, ನಮ್ಮ ಗಮಕಕ್ಕೆ ಒಗ್ಗದೆಂದು, 1940ರಿಂದ ಸುಮಾರು ಮೂವತ್ತು ವರ್ಷ ಆಕಾಶವಾಣಿಯವರು ಅದನ್ನು ದೂರವಿಟ್ಟಿದ್ದರು. ಪಿಟೀಲು ಯೂರೋಪಿನದು, ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದ ಚೌಡಯ್ಯನವರ ಹೆಸರಿನ ಸಭಾಭವನವು ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಅದರಲ್ಲಿ ರಾಗಗಳನ್ನು ನುಡಿಸಿದರು. ಇದಕ್ಕಿಂತಲೂ ಹತ್ತಿರದ ದೃಷ್ಟಾಂತವು ನಮ್ಮ ವೀಣೆಯಲ್ಲಿಯೇ ಇದೆ. ಸ್ವರಕ್ಕೆ ನಾಲ್ಕು ತಂತಿಗಳಾದರೆ ಪಕ್ಕದಲ್ಲಿ ತಾಳಕ್ಕೆಂದೇ ಮೂರು ತಂತಿಗಳು. ಉಳಿದ ಬೆರಳುಗಳು ರಾಗವನ್ನು ಮೀಟುತ್ತಿರುವಾಗ ಕಿರುಬೆರಳು ತಾಳವನ್ನು ಕಾಯುತ್ತಿರುವುದು. ಒಂದೇ ಕೈಗೆ ಎರಡು ಕೆಲಸವನ್ನು ವಹಿಸುವುದು ನಮಗೆ ಹೊಸದಲ್ಲ.

ಹೆಣ್ಣುಮಕ್ಕಳಿಗೆ ತಾಳದ ಕೆಲಸವು ಒಪ್ಪುವುದಿಲ್ಲವೆಂಬುದು ಎರಡನೆಯ ಆಕ್ಷೇಪ. ವಿಮೋಚನಕಾಂಡದಲ್ಲಿ ಸಮುದ್ರವನ್ನು ದಾಟಿದ ಮೇಲೆ ದಮ್ಮಡಿಯನ್ನು ಹಿಡಿದವಳು ಮಿರ್ಯಾಮಳೆಂಬುದನ್ನು ಭಾನುವಾರದ ಶಾಲೆಯ ಮಕ್ಕಳೂ ಬಲ್ಲರು. ನಮ್ಮ ಸೋಂಪುರ ಹೋಬಳಿಯಲ್ಲಿಯೇ ಇರುವ ಶಿವಗಂಗೆಯಲ್ಲಿ 1131ರಲ್ಲಿ ದೇಹಬಿಟ್ಟಳೆಂದು ಶಾಸನವು ಹೇಳುವ ಹೊಯ್ಸಳರ ರಾಣಿ ಶಾಂತಲೆಯನ್ನು, ಗೀತ ವಾದ್ಯ ನೃತ್ಯಗಳಲ್ಲಿ ನಿಪುಣೆಯೆಂದೇ ಹೊಗಳಿದೆ. ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ನೆಲಸಿರುವ ಶ್ರೀಮತಿ ಸುಕನ್ಯಾ ರಾಮಗೋಪಾಲ್ ಅವರು ಘಟವನ್ನು ಕೈಗೆತ್ತಿಕೊಂಡಾಗ, ಸ್ತ್ರೀಯೊಂದಿಗೆ ನುಡಿಸಲು ಒಪ್ಪದ ಮೃದಂಗ ವಾದಕರಿದ್ದರು. ಅವರು ಬಿಡಲಿಲ್ಲ, 1995ರಲ್ಲಿ ಸ್ತ್ರೀಯರದೇ ಆದ ಸ್ತ್ರೀ ತಾಲ್ ತರಂಗ್ ಎಂಬ ತಂಡವನ್ನು ಕಟ್ಟಿದರು, 2014ರ ಸಾಲಿನ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅವರಿಗೆ ಬಂತು. ಬೇಸ್ ಗಿಟಾರಿನಲ್ಲಿಯೇ ಹೇಳಬೇಕಾದರೆ, ಮುಂಬಯಿಯ ಮೋಹಿನಿ ಡೇ ಎಂಬಾಕೆಯು ಬೇಸ್ ವಾದಕರಾದ ತಂದೆಯಿಂದಲೇ ಬಾಲ್ಯದಲ್ಲಿ ಕಲಿತು ಇಂದು ದೇಶವಿದೇಶಗಳಲ್ಲಿ ನುಡಿಸುತ್ತಿದ್ದಾಳೆ. ನಮ್ಮ ಹುಡುಗಿಯು ಬಾಯಲ್ಲಿ ಸೊಲ್ಲುಕಟ್ಟು ಹೇಳಿಕೊಳ್ಳುವುದನ್ನು ಕಲಿತದ್ದು ಆಕೆಯನ್ನು ಮೊಬೈಲಿನಲ್ಲಿ ನೋಡಿಯೇ.

ಮೊಬೈಲಿನ ಮಾತು ಬಂದುದರಿಂದ ಹುಡುಗಿಯ ಮೇಲೆ ನನಗಿರುವ ದೂರನ್ನೂ ಹೇಳಿಬಿಡುತ್ತೇನೆ. ವೀಡಿಯೋದಲ್ಲಿ ಕಂಡ ವೇಗವನ್ನು ವಾರದೊಳಗೆ ಹಿಡಿಯಬೇಕೆಂಬ ಆತುರದಿಂದ ಅವಳು ಬಲವಾಗಿ ಬಡಿದು ಹೆಬ್ಬೆರಳಿನಲ್ಲಿ ಬೊಬ್ಬೆಯನ್ನು ತಂದುಕೊಂಡಳು; ಮಣಿಕಟ್ಟು ನೊಂದರೂ ನಿಲ್ಲಿಸಲಿಲ್ಲ. ಇದು ಅಭ್ಯಾಸವಲ್ಲ, ಹಟ. ಸಂಗೀತದ ಅಧ್ಯಾಪಕಿಯು ಈಗ ಕ್ರಮವನ್ನು ಬದಲಿಸಿದ್ದಾರೆ. ಮೆಟ್ರೊನೋಮನ್ನು ನಿಮಿಷಕ್ಕೆ 60ರಲ್ಲಿ ಇಟ್ಟು, ಎಡಗೈಯನ್ನು ಸೇರಿಸದೆ, ಒಂದೇ ತಂತಿಯ ಮೇಲೆ ಹೆಬ್ಬೆರಳನ್ನು ಮಾತ್ರ ಆಡಿಸಬೇಕು. ತೋಳನ್ನು ಎತ್ತಿ ಹೊಡೆಯದೆ, ಬೀಗದಲ್ಲಿ ಬೀಗದ ಕೈಯನ್ನು ತಿರುಗಿಸುವಷ್ಟೇ ಮುಂಗೈಯನ್ನು ತಿರುಗಿಸಬೇಕು. ಎಲ್ಲ ಪೆಟ್ಟುಗಳೂ ಒಂದೇ ತೂಕದಲ್ಲಿ ಬಂದ ಮೇಲೆ ಸೆಳೆತ, ಅದೂ ಕೂಡಿಬಂದ ಮೇಲೆ ಎಡಗೈಯ ಮುಚ್ಚುಪೆಟ್ಟು. ವೇಗವನ್ನು ನಾಲ್ಕೈದು ಎಣಿಕೆಗಿಂತ ಹೆಚ್ಚಾಗಿ ಒಮ್ಮೆಲೆ ಏರಿಸಕೂಡದು. ನೋವು ಬಂದರೆ ಆ ದಿನಕ್ಕೆ ಅಷ್ಟೇ. ಆಂಪ್ಲಿಫೈಯರಿಗೆ ಜೋಡಿಸದೆ ಅಭ್ಯಾಸ ಮಾಡಿದರೆ ಪಕ್ಕದ ತರಗತಿಗೆ ತೊಂದರೆಯಿಲ್ಲ. ಆದರೆ ಜೋಡಿಸದ ವಾದ್ಯವು ಸದ್ದು ಸಾಲದೆಂದು ಕೈಯನ್ನು ಜೋರಾಗಿ ಹೊಡೆಯಲು ಪ್ರೇರಿಸುವುದರಿಂದ, ವಾರಕ್ಕೆ ಎರಡು ದಿವಸ ಸಣ್ಣ ಧ್ವನಿಯಲ್ಲಿ ಜೋಡಿಸಿಯೇ ನುಡಿಸುವಂತೆ ಏರ್ಪಾಡು ಮಾಡಿದೆ. ಜೋಡಿಸಿದಾಗ ತಾನು ಮುಚ್ಚದೆ ಬಿಟ್ಟ ತಂತಿಗಳ ಗುಂಯ್‌ಗುಟ್ಟುವಿಕೆಯೂ ಅವಳ ಕಿವಿಗೆ ಬೀಳುತ್ತದೆ. ಇದನ್ನು ಕಲಿಸಿದ್ದು ಆ ಆಂಪ್ಲಿಫೈಯರೇ ಹೊರತು ನಾವಲ್ಲ.

ಇನ್ನೊಂದು ವಿಷಯದಲ್ಲಿ ನಾನು ಹಿರಿಯರ ಪಕ್ಷ. ಆರಾಧನೆಯ ಕೀರ್ತನೆಗಳ ನಡುವೆ ಈ ಚಟ್‌ಪಟ್ ಸದ್ದು ನನಗೆ ಹಿಡಿಸುವುದಿಲ್ಲ. ಸಭೆಯು ನಿಧಾನವಾಗಿ ಹಾಡುವಾಗ ಬೇಸ್ ಗಿಟಾರು ದೀರ್ಘವಾದ ಸ್ವರಗಳಿಂದ ಅದನ್ನು ಹೊರಬೇಕಲ್ಲದೆ ತಾನೇ ಮುಂದೆ ಬಂದು ಕುಣಿಯಬಾರದು. ಹುಡುಗಿಯು ಈ ಮಾತಿಗೆ ಮೊಗ ಸಣ್ಣದು ಮಾಡಿದಳು. ಹಾಗಾದರೆ ಕ್ರಿಸ್ಮಸ್ ಕಾರ್ಯಕ್ರಮದಲ್ಲಾದರೂ ಆಗಬಹುದೇ ಎಂದು ಕೇಳಿ, ಒಂದು ಹಾಡಿಗೆ ಅನುಮತಿ ಪಡೆದಳು. ಅಂದು ನುಡಿಸುವಾಗ ಎರಡು ಕಡೆ ತಪ್ಪಿದಳು. ತಪ್ಪಿದರೂ ತಾಳವನ್ನು ಬಿಡದೆ ಮುಂದಿನ ಪೆಟ್ಟಿಗೆ ಸರಿಯಾಗಿ ಸೇರಿದಳು.

ಅವಳ ತಂದೆಯವರು ಅಂದು ಬಾಗಿಲ ಬಳಿಯಲ್ಲಿ ಕಾರ್ಖಾನೆಯ ಸಮವಸ್ತ್ರದಲ್ಲಿಯೇ ನಿಂತು ಕೇಳಿದರು. ಇನ್ನೂ ಅವರ ಮನಸ್ಸು ಪೂರ್ತಿಯಾಗಿ ಒಪ್ಪಿಲ್ಲ. ಹತ್ತನೆಯ ತರಗತಿಯಾದ್ದರಿಂದ ಜನವರಿಯಿಂದ ಪರೀಕ್ಷೆ ಮುಗಿಯುವ ವರೆಗೂ ನಿಲ್ಲಿಸಬೇಕೆಂದು ಕೇಳಿಕೊಂಡರು. ಪಾಳಿಯ ಕೂಲಿಯಲ್ಲಿ ಮಗಳನ್ನು ಓದಿಸುವ ತಂದೆಯ ಭಯವನ್ನು ನಾನು ಹಗುರವಾಗಿ ಎಣಿಸಲಾರೆನು. ಆದರೂ ನಿಲ್ಲಿಸುವುದಿಲ್ಲವೆಂದೂ, ಅರ್ಧ ಗಂಟೆಯನ್ನು ಹದಿನೈದು ನಿಮಿಷಕ್ಕೆ ಇಳಿಸುವೆನೆಂದೂ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹದಿನೈದು ಅಂದರೆ ಹದಿನೈದೇ ಆಗಬೇಕು, ಮೇಡಂ” ಎಂದು ಹೇಳಿ ಬಸ್ಸಿಗೆ ಹೋದರು.

ಬೀರುವಿನ ಬೀಗದ ಕೈ ಈಗ ಸಂಗೀತದ ಅಧ್ಯಾಪಕಿಯ ಬಳಿಯಲ್ಲಿದೆ. ಸಂಜೆ 4-30ಕ್ಕೆ ಅಭ್ಯಾಸ ಆರಂಭವಾಗುವುದು; ಏಳನೆಯ ತರಗತಿಯ ಇಬ್ಬರು ಚಿಕ್ಕ ಹುಡುಗಿಯರೂ ತಮ್ಮ ಸರದಿಗಾಗಿ ಹೊರಗೆ ಕಾದಿರುವರು. ತಾಯಿತಂದೆಗಳಲ್ಲಿ ಯಾರಿಗಾದರೂ ಈ ವಿಷಯದಲ್ಲಿ ಸಂದೇಹವಿದ್ದರೆ ಗುರುವಾರದ ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬೇಕಾಗಿ ವಿನಂತಿ. ನಮ್ಮ ವಾದ್ಯದ ತಂತಿಗಳು ಹಳೆಯವಾಗಿ ಧ್ವನಿಯು ಮಂಕಾಗಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಒಂದು ಜೊತೆ ಹೊಸ ತಂತಿಗಳನ್ನು ಕೊಡಿಸಿದರೆ ಶಾಲೆಯ ಕಚೇರಿಯಲ್ಲಿ ರಸೀದಿಯನ್ನು ಕೊಡಲಾಗುವುದು.